ರಿಪೋರ್ಟ್ ನಾರ್ಮಲ್ ಬಂತು, ಆಮೇಲೆ?

ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ, ಮಾಡಿಸಿ ಅಂತ ಡಾಕ್ಟರ್ ಚೀಟಿ ಬರೆದುಕೊಟ್ಟಾಗ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂಥರಾ ಸಮಾಧಾನ ಆಯಿತು. ನನಗೆ ಏನಾಗಿದೆ ಅಂತ ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಇನ್ನು ಮೆಷಿನ್ನೇ ಹೇಳುತ್ತದೆ ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಿದುಳಿನ ಅಲೆ ತೆಗೆದರೆ 2018ರಲ್ಲಿ ಬೆಟ್ಟ ಕುಸಿದ ಆ ಬೆಳಗಿನ ಜಾವ ತಲೆಯೊಳಗೆ ಎಲ್ಲಿ ಕೂತಿದೆ ಅಂತ ಕಾಣುತ್ತದೆ, ಅದಕ್ಕೊಂದು ಮಾತ್ರೆ ಕೊಡುತ್ತಾರೆ ಅಂತ. ಹಾಗಾಗಲಿಲ್ಲ. ಆದರೂ ಆ ಪರೀಕ್ಷೆಯಿಂದ, ಅದರ ಹಿಂದೆ ಮುಂದೆ ನಡೆದ ಮಾತುಗಳಿಂದ ನನಗೆ ಸಿಕ್ಕಿದ್ದು ಸಣ್ಣದಲ್ಲ. ಮಳೆಗಾಲ ಬಂದರೆ ನಿದ್ದೆ ಕೆಡುವವರು ಕೊಡಗಿನಲ್ಲಿ ನಾನೊಬ್ಬಳೇ ಅಲ್ಲ. ಅವರು, ಅವರ ಮನೆಯವರು ಓದಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಇದ್ದದ್ದು ಮಕ್ಕಂದೂರು ಕಡೆ. ಸಣ್ಣ ಕಾಫಿ ತೋಟ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಕೆಳಗೆ ಗದ್ದೆ. 2018ರ ಆಗಸ್ಟ್ ಮಧ್ಯದಲ್ಲಿ ಏನಾಯಿತು ಅಂತ ಕೊಡಗಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮಾದಾಪುರ, ಮದೆನಾಡು, ಜೋಡುಪಾಲ. ಕೆಲವೇ ದಿನಗಳಲ್ಲಿ ಒಂದರ ಹಿಂದೆ ಒಂದು ಬೆಟ್ಟ ಜಾರಿತು. ನಮ್ಮ ಮನೆ ಹಿಂದಿನ ಬರೆಯಿಂದ, ಅಂದರೆ ಕಡಿದಾದ ಮಣ್ಣಿನ ದಿಬ್ಬದಿಂದ, ಮೊದಲು ಕೆಂಪು ನೀರು ಬಂತು. ಆಮೇಲೆ ಸದ್ದು. ಉಟ್ಟ ಬಟ್ಟೆಯಲ್ಲೇ ಓಡಿ ಮೇಲಿನ ರಸ್ತೆ ಹತ್ತಿದೆವು. ನಮ್ಮ ಜೀವ ಉಳಿಯಿತು, ಮನೆ ಉಳಿಯಲಿಲ್ಲ. ಕೊಟ್ಟಿಗೆಯಿಂದ ದನಗಳ ಕೂಗು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಆಮೇಲೆ ಅದೂ ಇಲ್ಲ. ಇದಕ್ಕಿಂತ ಜಾಸ್ತಿ ಇಲ್ಲಿ ಬರೆಯುವುದಿಲ್ಲ.

ವಿಚಿತ್ರ ಏನೆಂದರೆ, ಮೊದಲ ವರ್ಷ ನಾನು ಚೆನ್ನಾಗಿಯೇ ಇದ್ದೆ. ಪರಿಹಾರ ಕೇಂದ್ರ, ಅರ್ಜಿ, ಆಧಾರ್ ಕಾರ್ಡಿನ ನಕಲು, ಮಡಿಕೇರಿಯಲ್ಲಿ ಬಾಡಿಗೆ ಮನೆ, ಮಕ್ಕಳ ಶಾಲೆ. ಇಷ್ಟರಲ್ಲಿ ಅಳಲಿಕ್ಕೂ ಪುರುಸೊತ್ತು ಇರಲಿಲ್ಲ. ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಅನ್ನುತ್ತಿದ್ದರು. 2019ರಲ್ಲಿ ವಿರಾಜಪೇಟೆ ಕಡೆ ತೋರದಲ್ಲಿ ಬೆಟ್ಟ ಬಿತ್ತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಪ್ರತಿ ಸಲವೂ ನನ್ನೊಳಗೆ ಏನೋ ಒಂದು ಸಡಿಲವಾಗುತ್ತಿತ್ತು. ನಾವು ಆಮೇಲೆ ಪುನರ್ವಸತಿ ಬಡಾವಣೆಯ ಹೊಸ ಮನೆಗೆ ಬಂದೆವು. ಮನೆ ಗಟ್ಟಿ, ಹಿಂದೆ ಬರೆಯೂ ಇಲ್ಲ. ಆದರೂ ಜೋರು ಮಳೆಯ ಕಕ್ಕಡ ತಿಂಗಳು ಹತ್ತಿರ ಬಂದರೆ ನಾನು ರಾತ್ರಿ ಕಿಟಕಿ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಯಾರಾದರೂ ಒಬ್ಬರು ಎಚ್ಚರ ಇರಬೇಕಲ್ವಾ ಅಂತ.

2024ರ ಜುಲೈ 30ರಂದು ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದ ಸುದ್ದಿ ಬಂತು. ಫೋನು ತೆಗೆದರೆ ಅದೇ ವಿಡಿಯೋ. ಆ ಕೆಂಪು ನೀರು, ಆ ಬಂಡೆ. ಅವತ್ತಿನಿಂದ ನನಗೆ ಪೂರ್ತಿ ಕೈಮೀರಿತು.

ಏನೇನು ಆಗುತ್ತಿತ್ತು ಅಂತ ಬರೆಯುತ್ತೇನೆ. ಓದಿದ ಯಾರಿಗಾದರೂ ಗುರುತು ಸಿಗಬಹುದು. ಪಕ್ಕದ ರಸ್ತೆಯಲ್ಲಿ ಲಾರಿಯವರು ಜಲ್ಲಿ ಸುರಿದರೆ ನಾನು ಮಕ್ಕಳ ಕೈ ಹಿಡಿದು ಅಂಗಳದಲ್ಲಿ ನಿಂತಿರುತ್ತಿದ್ದೆ. ಹೇಗೆ ಬಂದೆ ಅಂತ ನೆನಪಿರುತ್ತಿರಲಿಲ್ಲ. ಹಸಿ ಮಣ್ಣಿನ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ಮಕ್ಕಂದೂರು ಕಡೆಯ ಮದುವೆಗೆ, ಸಾವಿಗೆ, ಯಾವುದಕ್ಕೂ ಹೋಗುತ್ತಿರಲಿಲ್ಲ. ಮನೆಯವರು ನಕ್ಕರೆ ಸಿಟ್ಟು ಬರುತ್ತಿತ್ತು. ರಾತ್ರಿ ಕಿರುಚಿ ಕೈಕಾಲು ಬಡಿಯುತ್ತಿದ್ದೆನಂತೆ. ಎಲ್ಲಕ್ಕಿಂತ ಮನೆಯವರನ್ನು ಹೆದರಿಸಿದ್ದು ಇನ್ನೊಂದು. ಪಾತ್ರೆ ತೊಳೆಯುತ್ತಾ ತೊಳೆಯುತ್ತಾ ಹಾಗೇ ನಿಂತುಬಿಡುತ್ತಿದ್ದೆ. ನಲ್ಲಿ ಹರಿಯುತ್ತಾ ಇರುತ್ತದೆ, ಕರೆದರೆ ತಿರುಗುವುದಿಲ್ಲ, ಕಣ್ಣು ತೆರೆದೇ ಇದೆ. ಸ್ವಲ್ಪ ಹೊತ್ತಿನ ಮೇಲೆ ತಾನಾಗಿ ಸರಿಹೋಗುತ್ತದೆ. ಅತ್ತೆ ತಾಯಿತ ಕಟ್ಟಿಸಿದರು. ನಮ್ಮವರು ಫಿಟ್ಸ್ ಇರಬಹುದು ಅಂದರು. ನಿದ್ದೆ ಇಲ್ಲ ಅಂತ ಹೇಳಿದ್ದಕ್ಕೆ ಯಾವುದೋ ಕ್ಲಿನಿಕ್ಕಿನಲ್ಲಿ ಕ್ಲೊನಾಜೆಪಾಮ್ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನೇ ನುಂಗುತ್ತಾ ಇದ್ದೆ.

ದಾರಿ ತೋರಿಸಿದವರು ನಮ್ಮ ಬಡಾವಣೆಯ ಸುಬೇದಾರ್ ಮಾವ. ಕೊಡಗಿನಲ್ಲಿ ಪ್ರತಿ ಊರಿನಲ್ಲೂ ಇಂಥ ಒಬ್ಬರಾದರೂ ನಿವೃತ್ತ ಸೈನಿಕರು ಇರುತ್ತಾರಲ್ಲ. ಒಂದು ದಿನ ನಾನು ಜಲ್ಲಿ ಸದ್ದಿಗೆ ಅಂಗಳಕ್ಕೆ ಓಡಿಬಂದದ್ದನ್ನು ಅವರು ಗೇಟಿನ ಹತ್ತಿರದಿಂದ ನೋಡಿದರು. ಏನೂ ಕೇಳಲಿಲ್ಲ. ಸಂಜೆ ಬಂದು ಜಗಲಿಯಲ್ಲಿ ಕೂತು, "ಮಗಳೇ, ರಜೆಯಲ್ಲಿ ಊರಿಗೆ ಬಂದಾಗ ಹುತ್ತರಿ ಹಬ್ಬದ ಪಟಾಕಿಗೆ ನಾನು ಮಂಚದ ಕೆಳಗೆ ಹೋಗುತ್ತಿದ್ದೆ. ನಮ್ಮ ಕಾಲದಲ್ಲಿ ಯಾರೂ ಇದಕ್ಕೆ ಹೆಸರು ಹೇಳಲಿಲ್ಲ. ಈಗ ಹೆಸರಿದೆ, ಡಾಕ್ಟರಿದ್ದಾರೆ. ಹೋಗು" ಅಂದರು. ಹೆಸರು ಬಂದದ್ದು 1980ರಲ್ಲಿ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರನ್ನು ನೋಡಿದ ಮೇಲೆ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಲ್ಲಿ ಪಿಟಿಎಸ್‌ಡಿ ಅಂತ ಸೇರಿಸಿದರು. ಕನ್ನಡದಲ್ಲಿ ಆಘಾತೋತ್ತರ ಒತ್ತಡದ ಕಾಯಿಲೆ ಅನ್ನುತ್ತಾರೆ. ಯುದ್ಧಕ್ಕೆ ಹೋದವರಿಗೆ ಮಾತ್ರ ಬರುವ ಕಾಯಿಲೆ ಅಲ್ಲ ಇದು. ಅಪಘಾತ, ಅತ್ಯಾಚಾರ, ಪ್ರವಾಹ, ಬೆಟ್ಟ ಕುಸಿತ, ಯಾವುದರಿಂದಲೂ ಬರಬಹುದು.

ಅವತ್ತು ರಾತ್ರಿಯೇ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹುಡುಗಿ ಅವಸರ ಮಾಡದೆ ಕೇಳಿಸಿಕೊಂಡು, ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ ಅಂತ ಹೇಳಿದಳು. ಹೋದೆ.

ಡಾಕ್ಟರ್ ಹೆಣ್ಣುಮಗಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಮೊದಲ ಭೇಟಿಯಲ್ಲಿ ಬರೀ ಪ್ರಶ್ನೆ. ಆ ದಿನದ ನೆನಪು ಬೇಡ ಅಂದರೂ ನುಗ್ಗಿ ಬರುತ್ತದಾ? ಕನಸು? ಅದನ್ನು ನೆನಪಿಸುವ ಜಾಗ, ಜನ, ಮಾತು ತಪ್ಪಿಸಿಕೊಂಡು ಓಡಾಡುತ್ತೀರಾ? ನಿಮ್ಮದೇ ತಪ್ಪು ಅನಿಸುತ್ತದಾ? ಸಂತೋಷ ಪಡಲಿಕ್ಕೆ ಆಗುತ್ತದಾ? ಸದಾ ಕಾವಲಿನಲ್ಲಿ ಇದ್ದ ಹಾಗೆ, ಸಣ್ಣ ಸದ್ದಿಗೂ ಬೆಚ್ಚಿಬೀಳುವ ಹಾಗೆ ಇದೆಯಾ? ಒಂದು ತಿಂಗಳಿಗಿಂತ ಜಾಸ್ತಿ ಆಯಿತಾ? ನಾನು ಪ್ರತಿಯೊಂದಕ್ಕೂ ಹೌದು ಹೌದು ಅನ್ನುತ್ತಾ ಹೋದೆ. ಕೊನೆಗೆ ಅವರು ಪೆನ್ನು ಕೆಳಗಿಟ್ಟು, "ಇದು ಪಿಟಿಎಸ್‌ಡಿ. ವಾಸಿಯಾಗುವ ಕಾಯಿಲೆ" ಅಂದರು. ಗಮನಿಸಿ, ಇಷ್ಟು ಹೇಳುವಾಗ ಇನ್ನೂ ಯಾವ ಮೆಷಿನ್ನೂ ಬಂದಿರಲಿಲ್ಲ. ಕೇಳಿ, ಕೇಳಿಸಿಕೊಂಡೇ ಅವರು ತೀರ್ಮಾನಕ್ಕೆ ಬಂದದ್ದು.

ಹಾಗಾದರೆ ಇಇಜಿ ಯಾಕೆ? ನಾನು ನಲ್ಲಿ ಹತ್ತಿರ ನಿಂತುಬಿಡುವುದು, ರಾತ್ರಿ ಕೈಕಾಲು ಬಡಿಯುವುದು, ಇವೆರಡರಲ್ಲಿ ಮೂರ್ಛೆರೋಗ ಏನಾದರೂ ಸೇರಿಕೊಂಡಿದೆಯಾ ಅಂತ ನೋಡಲಿಕ್ಕೆ. ಪಿಟಿಎಸ್‌ಡಿಯಲ್ಲೂ ಮನಸ್ಸು ಹೀಗೆ ಇದ್ದಲ್ಲಿಂದ ಕಳಚಿಕೊಳ್ಳುವುದು ಉಂಟು. ಮೂರ್ಛೆರೋಗದ ಒಂದು ಬಗೆಯಲ್ಲೂ ಹೀಗೇ ಕಾಣುತ್ತದೆ. ಎರಡರ ಚಿಕಿತ್ಸೆ ಬೇರೆ ಬೇರೆ. "ಮುಂದಿನ ಸಲ ಹಾಗಾದಾಗ ಫೋನಿನಲ್ಲಿ ವಿಡಿಯೋ ತೆಗೆಯಿರಿ" ಅಂತ ನಮ್ಮವರಿಗೆ ಹೇಳಿದರು. ಇದು ಎಲ್ಲರಿಗೂ ಉಪಯೋಗವಾಗುವ ಮಾತು. ನಮ್ಮವರು ತೆಗೆದ ಆ ಅಲುಗಾಡುವ ವಿಡಿಯೋ ಆಮೇಲೆ ತುಂಬ ಕೆಲಸಕ್ಕೆ ಬಂತು.

ಇಇಜಿಗೆ ಮೈಸೂರಿನ ಒಂದು ನರರೋಗ ಕ್ಲಿನಿಕ್ಕಿಗೆ ಹೋದೆವು. ಹಿಂದಿನ ರಾತ್ರಿ ಶಾಂಪೂ ಹಾಕಿ ತಲೆ ತೊಳೆಯಬೇಕು, ಎಣ್ಣೆ ಮುಟ್ಟಿಸಬಾರದು. ರಾತ್ರಿ ನಿದ್ದೆ ಕಡಿಮೆ ಮಾಡಬೇಕು, ಅಲ್ಲಿ ನಿದ್ದೆ ಬರಲಿ ಅಂತ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬಾರದು. ತೆಗೆದುಕೊಳ್ಳುವ ಎಲ್ಲಾ ಮಾತ್ರೆಯ ಹೆಸರು ಬರೆದುಕೊಂಡು ಹೋಗಬೇಕು, ಡಾಕ್ಟರ್ ಹೇಳದೆ ಯಾವುದನ್ನೂ ನಿಲ್ಲಿಸಬಾರದು. ನಿದ್ದೆ ಕಡಿಮೆ ಮಾಡುವುದು ನನಗೆ ಕಷ್ಟವಾಗಲಿಲ್ಲ. ಕತ್ತಲೆಯಲ್ಲೇ ಮಡಿಕೇರಿ ಬಿಟ್ಟು, ಕುಶಾಲನಗರದಲ್ಲಿ ಇಡ್ಲಿ ತಿಂದು, ಪಿರಿಯಾಪಟ್ಟಣ ಹುಣಸೂರು ದಾಟಿ ಹೊತ್ತಿಗೆ ಸರಿಯಾಗಿ ಮುಟ್ಟಿದೆವು.

ಟೆಕ್ನಿಷಿಯನ್ ಹುಡುಗಿ ಮಂಡ್ಯದ ಕಡೆಯವಳು. ಅಳತೆ ಟೇಪು ಹಿಡಿದು ಮೂಗು ಮತ್ತು ಹಣೆ ಸೇರುವಲ್ಲಿಂದ ತಲೆಯ ಹಿಂದಿನ ಉಬ್ಬಿನವರೆಗೆ ಅಳೆದಳು. ಆಮೇಲೆ ಈ ಕಿವಿಯಿಂದ ಆ ಕಿವಿಗೆ. ಪೆನ್ಸಿಲಿನಿಂದ ಗುರುತು ಹಾಕಿದಳು. ಆ ಅಳತೆಯ ನೂರಕ್ಕೆ ಹತ್ತು, ನೂರಕ್ಕೆ ಇಪ್ಪತ್ತರ ದೂರದಲ್ಲಿ ಅಲೆ ಹಿಡಿಯುವ ಎಲೆಕ್ಟ್ರೋಡ್ ಇಡುತ್ತಾರೆ. ಅದಕ್ಕೇ ಇದಕ್ಕೆ ಹತ್ತು-ಇಪ್ಪತ್ತು ಪದ್ಧತಿ ಅಂತ ಹೆಸರು. ಜಗತ್ತಿನಲ್ಲಿ ಎಲ್ಲಿ ಮಾಡಿಸಿದರೂ ಜಾಗ ಅದೇ ಇರಬೇಕು ಅಂತ 1958ರಲ್ಲಿ ಮಾಡಿಕೊಂಡ ಪದ್ಧತಿ. ಎಡಗಡೆಯವಕ್ಕೆ ಬೆಸ ಸಂಖ್ಯೆ, ಬಲಗಡೆಯವಕ್ಕೆ ಸಮ ಸಂಖ್ಯೆ. ಗುರುತು ಹಾಕಿದ ಜಾಗದ ಚರ್ಮವನ್ನು ತರಿತರಿಯಾದ ಜೆಲ್ಲಿನಿಂದ ಉಜ್ಜಿ, ಬಿಳಿ ಪೇಸ್ಟು ತುಂಬಿದ ಸಣ್ಣ ಬಟ್ಟಲಿನಂಥ ಎಲೆಕ್ಟ್ರೋಡು ಒತ್ತಿ, ಮೇಲೊಂದು ಗಾಜ್ ಬಟ್ಟೆಯ ಚೂರು. ನೋವಿಲ್ಲ. ಕರೆಂಟು ಹೊಡೆಯುತ್ತದಾ ಅಂತ ಕೇಳಿದೆ. "ಇಲ್ಲ ಅಕ್ಕ, ಇದು ಕೊಡೋದಲ್ಲ, ತಗೊಳ್ಳೋದು ಮಾತ್ರ" ಅಂದಳು.

ಅವಳು ಹೇಳಿದ್ದು ನಿಜ. ಮಿದುಳಿನ ಮೇಲ್ಪದರದಲ್ಲಿ ಸಾವಿರಾರು ನರಕೋಶಗಳು ಒಟ್ಟಿಗೆ ಏರಿಳಿದಾಗ ಹುಟ್ಟುವ ವಿದ್ಯುತ್ತು ತಲೆಬುರುಡೆ, ಚರ್ಮ ದಾಟಿ ಹೊರಗೆ ಬರುವಾಗ ಕೆಲವು ಹತ್ತು ಮೈಕ್ರೋವೋಲ್ಟ್ ಉಳಿದಿರುತ್ತದೆ. ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು ಅಂದರೆ ಒಂದು ಮೈಕ್ರೋವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲೇ ಒಂದೂವರೆ ವೋಲ್ಟ್ ಇರುತ್ತದೆ. ಅಷ್ಟು ಸಣ್ಣದನ್ನು ದೊಡ್ಡದು ಮಾಡಿ ಗೆರೆಯಾಗಿ ತೋರಿಸುವುದು ಈ ಯಂತ್ರದ ಕೆಲಸ. ಮನುಷ್ಯರ ತಲೆಯಿಂದ ಇದನ್ನು ಮೊದಲು ದಾಖಲಿಸಿದವರು ಜರ್ಮನಿಯ ಮನೋವೈದ್ಯ ಹಾನ್ಸ್ ಬೆರ್ಗರ್, 1924ರಲ್ಲಿ. ಐದು ವರ್ಷ ಯಾರಿಗೂ ತೋರಿಸದೆ ಪರೀಕ್ಷೆ ಮಾಡಿ ಮಾಡಿ, 1929ರಲ್ಲಿ ಪ್ರಕಟಿಸಿದರು.

ಮಂಚದ ಮೇಲೆ ಮಲಗಿದೆ. "ಕಣ್ಣು ಮುಚ್ಚಿ. ತೆರೀರಿ. ಮುಚ್ಚಿ." ಇದು ಸುಮ್ನೆ ಹೇಳುವುದಲ್ಲ. ಎಚ್ಚರ ಇದ್ದು, ಕಣ್ಣು ಮುಚ್ಚಿ, ಮೈಮನಸ್ಸು ಸಡಿಲ ಬಿಟ್ಟಾಗ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲದ ಲಯದಲ್ಲಿ ಒಂದು ಅಲೆ ಏಳುತ್ತದೆ. ಆಲ್ಫಾ ಅಂತ ಅದರ ಹೆಸರು. ಕಣ್ಣು ತೆರೆದರೆ ಅಡಗುತ್ತದೆ. ಬೆರ್ಗರ್ ಮೊದಲು ಕಂಡದ್ದೂ ಇದನ್ನೇ. ಅದಕ್ಕಿಂತ ವೇಗದ್ದು ಬೀಟಾ, ನಿಧಾನದ್ದು ಥೀಟಾ, ಇನ್ನೂ ನಿಧಾನದ್ದು ಗಾಢ ನಿದ್ದೆಯ ಡೆಲ್ಟಾ. ನನಗೆ ಮಾತ್ರ ಕಣ್ಣು ಮುಚ್ಚಿ ಮಲಗುವುದೇ ಕಷ್ಟ. ಹೊಸ ಜಾಗ, ಬಾಗಿಲು ನನ್ನ ಬೆನ್ನಿಗಿದೆ. ಹುಡುಗಿ ಪರದೆ ನೋಡುತ್ತಾ, "ಅಕ್ಕ, ದವಡೆ ಕಚ್ಚಿ ಹಿಡಿದಿದ್ದೀರಿ, ಬಿಡಿ. ಹಣೆ ಸಡಿಲ ಬಿಡಿ" ಅಂದಳು. ನಾನು ದವಡೆ ಕಚ್ಚಿದ್ದು ನನಗೇ ಗೊತ್ತಿರಲಿಲ್ಲ! ದವಡೆಯ ಸ್ನಾಯು ಬಿಗಿಯಾದರೆ ಮಿದುಳಿನ ಅಲೆಯ ಮೇಲೆ ಅದರದ್ದೇ ಗೀಚು ತುಂಬಿಕೊಳ್ಳುತ್ತದಂತೆ. ಬಿಟ್ಟೆ. ಮತ್ತೆ ಕಚ್ಚಿಕೊಂಡಿತು. ಅವಳು ಎದ್ದು ಬಂದು ಬಾಗಿಲು ನನಗೆ ಕಾಣುವ ಹಾಗೆ ದಿಂಬು ತಿರುಗಿಸಿ ಇಟ್ಟಳು. ಯಾಕೆ ಅಂತ ಕೇಳಲೂ ಇಲ್ಲ. ಆ ಹುಡುಗಿಯ ತಿಳಿವಳಿಕೆಯನ್ನು ನಾನು ಮರೆಯುವುದಿಲ್ಲ.

ಆಮೇಲೆ ಮೂರು ನಿಮಿಷ ಜೋರಾಗಿ, ಆಳವಾಗಿ ಉಸಿರಾಡಬೇಕು. ಮೂರ್ಛೆರೋಗದ ಕೆಲವು ಗುರುತು ಆಗ ಎದ್ದು ಕಾಣುತ್ತವೆ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಹಾಗೆ ಉಸಿರಾಡಿದರೆ ಯಾರಿಗಾದರೂ ತಲೆ ಹಗುರವಾಗುತ್ತದೆ, ಬೆರಳ ತುದಿ, ತುಟಿ ಜುಮ್ಮೆನ್ನುತ್ತದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುವುದರಿಂದ. ಆದರೆ ನನ್ನಂಥವರಿಗೆ ಭಯ ಹತ್ತಿದಾಗ ಆಗುವುದೂ ಇದೇ. ಒಂದು ನಿಮಿಷ ಕಳೆಯುವಷ್ಟರಲ್ಲಿ ಎದೆ ಹೊಡೆದುಕೊಂಡು, ಓಡಬೇಕು ಅನಿಸಿತು. ಈ ಮೂರು ನಿಮಿಷದಲ್ಲಿ ಹೀಗೆ ಆಗಬಹುದು, ಆದರೂ ಅಪಾಯವಿಲ್ಲ, ಬೇಡ ಅನಿಸಿದರೆ ಕೈ ಎತ್ತಿ ಅಂತ ಮುಂಚೆಯೇ ಹೇಳಿದರೆ ಎಷ್ಟು ಧೈರ್ಯ ಬರುತ್ತದೆ! ಅವಳು ಹೇಳಿದ್ದಳು. ಹಾಗಾಗಿ ಮುಗಿಸಿದೆ. ಎಲ್ಲಾ ಕಡೆ ಹೇಳುವುದಿಲ್ಲವಂತೆ. ನೀವೇ ಮೊದಲು ಹೇಳಿಬಿಡಿ, ನನಗೆ ಇಂಥ ತೊಂದರೆ ಇದೆ ಅಂತ. ಕಣ್ಣ ಮುಂದೆ ಮಿಣಮಿಣ ಲೈಟು ಬಿಡುವ ಪರೀಕ್ಷೆ ಏನೂ ಅನಿಸಲಿಲ್ಲ.

ಕೊನೆಗೆ ನಿದ್ದೆ. ಲೈಟು ಆರಿಸಿದರು. ಇಷ್ಟು ದಿನದ ದಣಿವು, ಕಣ್ಣು ಎಳೆಯಿತು. ಸ್ವಲ್ಪ ಹೊತ್ತಿನಲ್ಲಿ ಹೊರಗಿನ ಹಜಾರದಲ್ಲಿ ಯಾರೋ ಸ್ಟೀಲ್ ಟ್ರೇ ಬೀಳಿಸಿದರು. ನಾನು ಎದ್ದು ಕೂತಿದ್ದೆ, ಎರಡು ವೈರು ಕಿತ್ತುಬಂದಿತ್ತು. ಹುಡುಗಿ ಬೈಯಲಿಲ್ಲ. ಮತ್ತೆ ಪೇಸ್ಟು ಹಚ್ಚಿ, ಹೆಗಲು ತಟ್ಟಿ ಮಲಗಿಸಿದಳು. ಎಲ್ಲಾ ಮುಗಿದ ಮೇಲೆ ನಾನು ಕೇಳಿದೆ, ತೋರಿಸ್ತೀಯಾ ಅಂತ. ಪರದೆಯನ್ನು ಹಿಂದಕ್ಕೆ ಉರುಳಿಸಿ ತೋರಿಸಿದಳು. ನಿದ್ದೆಗೆ ಜಾರುವಾಗ ಗೆರೆಗಳು ನಿಧಾನವಾಗಿ, ಸಣ್ಣದಾಗಿ ಆಗಿದ್ದವು. ಟ್ರೇ ಬಿದ್ದ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಇಡೀ ಪುಟ ಕಪ್ಪಗಾಗಿತ್ತು. "ಇದು ಮಿದುಳಲ್ಲ ಅಕ್ಕ, ನಿಮ್ಮ ಸ್ನಾಯು, ನಿಮ್ಮ ಅಲುಗಾಟ" ಅಂತ ತಿದ್ದಿದಳು. ಇರಲಿ. ಇಷ್ಟು ವರ್ಷ ನನಗೆ ಒಳಗೆ ಆಗುತ್ತಿದ್ದದ್ದಕ್ಕೆ ಹೊರಗೆ ಒಂದು ಗುರುತು ಅಂತ ನಾನು ನೋಡಿದ್ದು ಅದೇ ಮೊದಲು. ಎಷ್ಟು ಹೊತ್ತು ನೋಡಿದೆನೋ.

ರಿಪೋರ್ಟ್ ಬಂತು. ಎಚ್ಚರದಲ್ಲೂ ನಿದ್ದೆಯಲ್ಲೂ ನಾರ್ಮಲ್, ಮೂರ್ಛೆರೋಗದ ಲಕ್ಷಣ ಕಂಡಿಲ್ಲ, ಬೀಟಾ ಅಲೆ ಸ್ವಲ್ಪ ಜಾಸ್ತಿ ಇದೆ, ಮಾತ್ರೆಯ ಪ್ರಭಾವ ಇರಬಹುದು ಅಂತ ಬರೆದಿದ್ದರು.

ಮನೆಯಲ್ಲಿ ಮೊದಲು ಖುಷಿ. ಒಂದೆರಡು ದಿನ ಆದ ಮೇಲೆ ಅದೇ ನಾರ್ಮಲ್ ನನ್ನ ಮೇಲೆ ತಿರುಗಿತು. ರಾತ್ರಿ ಕಿಟಕಿ ಹತ್ತಿರ ಕೂತರೆ, "ರಿಪೋರ್ಟ್ ನಾರ್ಮಲ್ ಇದೆಯಲ್ಲ, ಇನ್ನೇನು ನಿನಗೆ?" ಮದುವೆಗೆ ಬರುವುದಿಲ್ಲ ಅಂದರೆ, "ತಲೆಯಲ್ಲಿ ಏನೂ ಇಲ್ಲ ಅಂತ ಮೆಷಿನ್ನೇ ಹೇಳಿದೆ." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ ಅಂತ ಗೊತ್ತು. ಆದರೂ ಈ ಮಾತು ತುಂಬ ನೋಯಿಸಿತು. ಬೆಟ್ಟ ಬಿದ್ದದ್ದೇ ಸುಳ್ಳು ಅಂದ ಹಾಗೆ ಕೇಳಿಸಿತು ನನಗೆ.

ಮಡಿಕೇರಿಯ ಡಾಕ್ಟರ್ ಹತ್ತಿರ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋದೆ. ಡಾಕ್ಟರ್ ಅತ್ತೆಗೇ ವಿವರಿಸಿದರು. "ಅಮ್ಮಾ, ಮದುವೆ ಮಂಟಪದ ಹೊರಗೆ ರಸ್ತೆಯಲ್ಲಿ ನಿಂತರೆ ವಾಲಗದ ಸದ್ದು ಕೇಳುತ್ತದೆ. ಒಳಗೆ ಹೆಣ್ಣಿನ ತಾಯಿ ಯಾಕೆ ಅಳುತ್ತಿದ್ದಾಳೆ ಅಂತ ಅಲ್ಲಿಂದ ಗೊತ್ತಾಗುತ್ತದಾ? ಈ ಪರೀಕ್ಷೆಯೂ ಅಷ್ಟೇ." ಅತ್ತೆ ಹೌದು ಅಂತ ತಲೆಯಾಡಿಸಿದರು. ಆಮೇಲೆ ನನ್ನ ಪ್ರಶ್ನೆ. ಪಿಟಿಎಸ್‌ಡಿ ಇದ್ದವರ ಅಲೆಗಳಲ್ಲಿ ವ್ಯತ್ಯಾಸ ಇರುತ್ತದೆ ಅಂತ ನಾನು ಎಲ್ಲೋ ಓದಿದ್ದೆ. ಅದು ಸುಳ್ಳಾ?

ಸುಳ್ಳಲ್ಲ ಅಂದರು. ಈ ಕಾಯಿಲೆ ಇರುವ ಒಂದಷ್ಟು ಜನರನ್ನು, ಇಲ್ಲದ ಒಂದಷ್ಟು ಜನರನ್ನು ಪಕ್ಕಪಕ್ಕ ಇಟ್ಟು ನೋಡಿದ ಸಂಶೋಧನೆಗಳಿವೆ. ಕಣ್ಣು ಮುಚ್ಚಿ ಸುಮ್ಮನೆ ಕೂತಾಗ ಏಳಬೇಕಾದ ಆಲ್ಫಾ ಅಲೆ ಕಾಯಿಲೆ ಇರುವವರಲ್ಲಿ ಸರಾಸರಿ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಮಿದುಳು ವಿಶ್ರಾಂತಿಗೆ ಇಳಿಯುತ್ತಿಲ್ಲ, ಕಾವಲು ಬಿಡುತ್ತಿಲ್ಲ ಅಂತ ಅದನ್ನು ಅರ್ಥ ಮಾಡುತ್ತಾರೆ. ಕೆಲವರಿಗೆ ಬೀಟಾ ಜಾಸ್ತಿ ಸಿಕ್ಕಿದೆ, ಕೆಲವರಿಗೆ ಸಿಕ್ಕಿಲ್ಲ. ಇನ್ನೊಂದು ಬಗೆಯ ಪ್ರಯೋಗದಲ್ಲಿ ಕಿವಿಗೆ ಒಂದೇ ತರಹದ ಸದ್ದು ಕೇಳಿಸುತ್ತಾ ನಡುವೆ ಬೇರೆ ಸದ್ದು ಬಿಡುತ್ತಾರೆ. ಅದಾಗಿ ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ಕಳೆದಾಗ ಏಳುವ ಒಂದು ಅಲೆಗೆ ಪಿ300 ಅನ್ನುತ್ತಾರೆ. ಗಮನ ಕೊಡಬೇಕಾದ ಸಾಮಾನ್ಯ ಸದ್ದಿಗೆ ಇದು ಪಿಟಿಎಸ್‌ಡಿ ಇದ್ದವರಲ್ಲಿ ಚಿಕ್ಕದಾಗಿ, ಅಪಾಯ ನೆನಪಿಸುವ ಸದ್ದು ಚಿತ್ರಕ್ಕೆ ದೊಡ್ಡದಾಗಿ ಏಳುವುದನ್ನು ಕಂಡಿದ್ದಾರೆ. ಇದನ್ನು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಮಗ ಎದುರು ನಿಂತು ಕರೆದರೆ ಕೇಳಿಸದ ನನಗೆ, ಆಚೆ ಬೀದಿಯ ಜಲ್ಲಿ ಸದ್ದು ಯಾಕೆ ಕೇಳಿಸುತ್ತದೆ ಅಂತ ನಾನು ಎಷ್ಟು ಸಲ ನನ್ನನ್ನೇ ಬೈದುಕೊಂಡಿದ್ದೆ.

ಆದರೆ ಇದೆಲ್ಲ ಗುಂಪಿನ ಸರಾಸರಿ. ಒಬ್ಬ ಮನುಷ್ಯನ ಗೆರೆ ನೋಡಿ ಇವರಿಗೆ ಪಿಟಿಎಸ್‌ಡಿ ಇದೆ, ಇವರಿಗಿಲ್ಲ ಅಂತ ಹೇಳಲಿಕ್ಕೆ ಬರುವುದಿಲ್ಲ. ಆಲ್ಫಾ ಆರೋಗ್ಯವಂತರಲ್ಲೂ ಒಬ್ಬರಿಂದ ಒಬ್ಬರಿಗೆ ತುಂಬ ಬದಲಾಗುತ್ತದೆ. ಖಿನ್ನತೆ, ತಲೆಗೆ ಬಿದ್ದ ಹಳೇ ಪೆಟ್ಟು, ನಿದ್ದೆಗೇಡು, ಮಾತ್ರೆ, ಎಲ್ಲವೂ ಅಲೆಯನ್ನು ಬದಲಾಯಿಸುತ್ತವೆ. ನನ್ನ ಬೀಟಾದ ವಿಷಯವೇ ನೋಡಿ. ಕ್ಲೊನಾಜೆಪಾಮ್ ಜಾತಿಯ ಮಾತ್ರೆ ನುಂಗುವವರಲ್ಲಿ ಬೀಟಾ ಜಾಸ್ತಿ ಆಗುವುದು ವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಅಂದರೆ ರಿಪೋರ್ಟಿನಲ್ಲಿ ಬೇರೆಯಾಗಿ ಕಂಡ ಒಂದೇ ಒಂದು ಅಂಶವೂ ಬೆಟ್ಟ ಕುಸಿತದ್ದಲ್ಲ, ಮಾತ್ರೆಯದ್ದು. ಆ ಮಾತ್ರೆ ಪಿಟಿಎಸ್‌ಡಿಗೆ ಒಳ್ಳೆಯದೂ ಅಲ್ಲವಂತೆ. ಅಭ್ಯಾಸ ಹತ್ತುತ್ತದೆ, ಮೂಲ ಕಾಯಿಲೆ ಹಾಗೇ ಉಳಿಯುತ್ತದೆ. ಆದರೆ ಒಮ್ಮೆಲೇ ನಿಲ್ಲಿಸಿದರೆ ಇಲ್ಲದ ಫಿಟ್ಸ್ ಬರಬಹುದು. ಹಾಗಾಗಿ ವಾರ ವಾರಕ್ಕೆ ಚೂರು ಚೂರೇ ಇಳಿಸಿಕೊಟ್ಟರು. ಬದಲಿಗೆ ಪಿಟಿಎಸ್‌ಡಿಗೆ ಕೊಡುವ ಸರ್ಟ್ರಲೀನ್ ಅನ್ನುವ ಮಾತ್ರೆ ಶುರು ಮಾಡಿದರು. ಒಂದು ಇಇಜಿ ನಾರ್ಮಲ್ ಬಂದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೇ ಇಲ್ಲ ಅನ್ನಲಿಕ್ಕೂ ಆಗದು ಅಂತ, ನಮ್ಮವರ ವಿಡಿಯೋವನ್ನು ನರರೋಗ ತಜ್ಞರಿಗೂ ತೋರಿಸಿದರು. ಎರಡನ್ನೂ ಸೇರಿಸಿ ನೋಡಿ, ಇದು ಫಿಟ್ಸ್ ಅಲ್ಲ ಅಂತ ತೀರ್ಮಾನ ಆಯಿತು.

ಈ ನಡುವೆ ನಡೆದ ಇನ್ನೊಂದನ್ನು ಬಿಡುವ ಹಾಗಿಲ್ಲ. ನಾರ್ಮಲ್ ಅಂತ ಬಂದ ಹೊಸದರಲ್ಲಿ ಸಂಬಂಧಿಕರೊಬ್ಬರು ದೊಡ್ಡ ಊರಿನ ಒಂದು ಸೆಂಟರಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಅಲ್ಲಿ ಟೋಪಿ ಹಾಕಿಸಿ ಅಲೆ ತೆಗೆದು, ಮಿದುಳಿನ ಬಣ್ಣದ ನಕ್ಷೆ ಅಂತ ಕೊಟ್ಟರು. ಕೆಂಪು ಇರುವ ಕಡೆ ತೋರಿಸಿ, "ನೋಡಿ, ನಿಮ್ಮ ಆಘಾತ ಇಲ್ಲೇ ಇದೆ, ಬೀಟಾ ಎಷ್ಟು ಜಾಸ್ತಿ!" ಅಂದರು. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ಬೆಟ್ಟದ ಬಗ್ಗೆಯೂ ಕೇಳಲಿಲ್ಲ. ಅಲೆಗಳನ್ನು ತಾವೇ ಸರಿಪಡಿಸುತ್ತೇವೆ, ಇಷ್ಟು ಸಲ ಬರಬೇಕು, ದುಡ್ಡು ಮುಂಗಡ ಅಂತ ಹೇಳಿದ ಮೊತ್ತ ನಮ್ಮ ಒಂದು ವರ್ಷದ ಕಾಫಿ ದುಡ್ಡಿಗಿಂತ ಜಾಸ್ತಿ. ತನ್ನ ಅಲೆಯನ್ನು ಪರದೆಯಲ್ಲಿ ನೋಡುತ್ತಾ ಅದನ್ನು ಪಳಗಿಸುವ ನ್ಯೂರೋಫೀಡ್‌ಬ್ಯಾಕ್ ಅನ್ನುವ ವಿಧಾನ ಇದೆ, ಪಿಟಿಎಸ್‌ಡಿಯಲ್ಲಿ ಅದರ ಮೇಲೆ ಗಂಭೀರ ಸಂಶೋಧನೆಯೂ ನಡೆದಿದೆ, ಕೆಲವು ಕಡೆ ಒಳ್ಳೆಯ ಫಲಿತಾಂಶ ಬಂದಿದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಕಷ್ಟದಲ್ಲಿರುವವರ ಮುಂದೆ ಬಣ್ಣದ ಚಿತ್ರ ಹಿಡಿದು ಇಲ್ಲದ ಖಾತ್ರಿ ಕೊಡುವುದು ಅನ್ಯಾಯ. ಭೂಕುಸಿತದಲ್ಲಿ ಎಲ್ಲಾ ಕಳೆದುಕೊಂಡವರು ಇನ್ನುಳಿದ ತೋಟವನ್ನು ಅಡವಿಟ್ಟು ಇಂಥದ್ದಕ್ಕೆ ಹೋಗಬೇಡಿ. ಮೊದಲು ಕೇಳಿಸಿಕೊಳ್ಳುವ ಡಾಕ್ಟರ್ ಹತ್ತಿರ ಹೋಗಿ.

ನನಗೆ ನಿಜವಾಗಿ ಕೆಲಸ ಮಾಡಿದ್ದು ಕೌನ್ಸೆಲರ್ ಮೇಡಂ ಕೋಣೆಯಲ್ಲಿ ನಡೆದದ್ದು. ಸಾಮಾನ್ಯವಾಗಿ 8ರಿಂದ 15 ಭೇಟಿಯ ಚಿಕಿತ್ಸೆ ಅದು. ಕಣ್ಣು ಮುಚ್ಚಿ ಆ ಬೆಳಗಿನ ಜಾವವನ್ನು ಈಗ ನಡೆಯುತ್ತಿದೆ ಅನ್ನುವ ಹಾಗೆ ಹೇಳಬೇಕು. ಕೆಂಪು ನೀರು ಬರುತ್ತಿದೆ, ಸದ್ದು ಕೇಳುತ್ತಿದೆ, ಓಡುತ್ತಿದ್ದೇನೆ. ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನಾ ಕೇಳಬೇಕು. ಮೊದಲಿಗೆ ಇದು ಶಿಕ್ಷೆಯೇ. ಬಿಟ್ಟುಬಿಡುತ್ತೇನೆ ಅಂತ ಎಷ್ಟೋ ಸಲ ಹೇಳಿದೆ. ಮೇಡಂ ಒತ್ತಾಯ ಮಾಡಲಿಲ್ಲ, ಆದರೆ ಬಿಡಲೂ ಇಲ್ಲ. ಕೇಳುತ್ತಾ ಕೇಳುತ್ತಾ ಒಂದು ದಿನ ದನಗಳ ಕೂಗಿನ ಜಾಗದಲ್ಲಿ ನಾನು ಫೋನು ಆಫ್ ಮಾಡದೆ ಮುಂದಕ್ಕೆ ಹೋದೆ. ಹಗ್ಗ ಬಿಚ್ಚಲಿಕ್ಕೆ ನಿಂತಿದ್ದರೆ ಮಕ್ಕಳು ಇರುತ್ತಿರಲಿಲ್ಲ ಅನ್ನುವುದು ನನಗೆ ಆವತ್ತು ಮೊದಲ ಸಲ ಒಳಗಿನಿಂದ ಅನಿಸಿತು. ಜೊತೆಗೆ ಒಂದು ಪಟ್ಟಿಯೂ ಇತ್ತು, ಸುಲಭದ್ದರಿಂದ ಕಷ್ಟದ್ದಕ್ಕೆ. ಮಳೆಯಲ್ಲಿ ಜಗಲಿಯಲ್ಲಿ ನಿಲ್ಲುವುದು. ತೋಟದ ಅಗೆದ ಗುಂಡಿ ಹತ್ತಿರ ಮಣ್ಣು ಮೂಸುವುದು. ಕೊನೆಗೆ ಮಕ್ಕಂದೂರು. ಅಲ್ಲಿಗೆ ಅತ್ತೆ ನನ್ನ ಕೈ ಹಿಡಿದುಕೊಂಡು ಬಂದರು. ಬರೆ ಇದ್ದ ಕಡೆ ಈಗ ಹಸಿರು ಪೊದೆ. ಇಬ್ಬರೂ ಅತ್ತೆವು. ಆ ದಿನ ಅತ್ತೆಗೂ ಎಷ್ಟು ನೋವಿತ್ತು ಅಂತ ನನಗೆ ಗೊತ್ತಾಯಿತು. ಏಳು ವರ್ಷ ಒಂದೇ ಮನೆಯಲ್ಲಿದ್ದು ನಾವು ಅದನ್ನು ಮಾತಾಡಿರಲೇ ಇಲ್ಲ.

ಈಗಲೂ ಜೋರು ಮಳೆಗೆ ಎಚ್ಚರವಾಗುತ್ತದೆ. ಎದ್ದು ನೀರು ಕುಡಿದು ಮತ್ತೆ ಮಲಗುತ್ತೇನೆ. ನಲ್ಲಿ ಹತ್ತಿರ ನಿಂತುಬಿಡುವುದು ನಿಂತಿದೆ. ಮತ್ತೊಮ್ಮೆ ಇಇಜಿ ಮಾಡಿಸಿದರೆ ಆಲ್ಫಾ ಜಾಸ್ತಿಯಾಗಿದೆಯಾ ಅಂತ ನೋಡಬಹುದಲ್ವಾ ಅಂತ ಡಾಕ್ಟರನ್ನು ಕೇಳಿದ್ದೆ. ಅಗತ್ಯ ಇಲ್ಲ, ನಿಮ್ಮ ನಿದ್ದೆ ಹೇಗಿದೆ ಅಂತ ನಿಮ್ಮನ್ನೇ ಕೇಳಿದರೆ ಸಾಕು ಅಂದರು.

ಕಳೆದ ವಾರ ಹಿಂದಿನ ಸಾಲಿನ ಮನೆಯ ಅಕ್ಕ ಬಂದಿದ್ದರು. ಅವರ ಮಗನೂ ಹಾಗೇ ದಿಟ್ಟಿಸುತ್ತಾ ನಿಂತುಬಿಡುತ್ತಾನಂತೆ. ನಮ್ಮ ಹಾಗೇ 2018ರಲ್ಲಿ ಓಡಿಬಂದವರು ಅವರು. ಎಲ್ಲಿ ಇಇಜಿ ಮಾಡಿಸಿದೆ ಅಂತ ಕೇಳಿದರು. ಅದನ್ನು ಆಮೇಲೆ ನೋಡೋಣ, ಮೊದಲು ವಿಡಿಯೋ ತೆಗೆಯಿರಿ, ಅವನು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ, ಅವನ ಜೊತೆ ಒಂದು ಸಲ ಮಾತಾಡಲಿಕ್ಕೆ ನನಗೆ ಬಿಡಿ ಅಂದೆ. ಬರುವ ಬುಧವಾರ ಮೂವರೂ ಮಡಿಕೇರಿಗೆ ಹೋಗುತ್ತಿದ್ದೇವೆ. ಸುಬೇದಾರ್ ಮಾವ ಜೀಪು ತೆಗೆಯುತ್ತೇನೆ ಅಂದಿದ್ದಾರೆ.